ತಿಥಿಮನೆಯ ಪರದೆ ಮತ್ತು ನೆನಪಿನ ಹೊಣೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಊರುಗಳಲ್ಲಿ ಹನ್ನೊಂದನೆಯ ದಿನದ ತಿಥಿ ಎಂದರೆ ಎಡೆ ಇಟ್ಟು, ಊಟ ಹಾಕಿ ಕಳಿಸುವ ಕಾರ್ಯವಷ್ಟೇ ಅಲ್ಲ. ಬೀಗರು, ನೆಂಟರು, ಊರವರು ಒಂದೆಡೆ ಸೇರಿ ಹೋದವರ ಬಾಳನ್ನು ನೆನೆಯುವ ದಿನ ಅದು. ಈಚೆಗೆ ಆ ಶಾಮಿಯಾನದೊಳಕ್ಕೆ ವಿಡಿಯೊ ಬಂದಿದೆ. ಹಾರ ಹಾಕಿದ ಫೋಟೊದ ಪಕ್ಕದಲ್ಲಿ ದೊಡ್ಡ ಟಿ.ವಿ.ಯನ್ನೋ ಬಾಡಿಗೆಯ ಎಲ್‌ಇಡಿ ಪರದೆಯನ್ನೋ ನಿಲ್ಲಿಸಿ, ಹಳೆಯ ಫೋಟೊ, ಮದುವೆ ಕ್ಯಾಸೆಟ್ಟಿನ ತುಣುಕು, ಮೊಮ್ಮಕ್ಕಳ ಮೊಬೈಲಿನ ಚಿತ್ರಗಳನ್ನು ಕೂಡಿಸಿ ಹೊಲಿದ ಚಿತ್ರವನ್ನು ಓಡಿಸುತ್ತಾರೆ. ಸಾವಿನ ಮನೆಗೆ ಈ ಪರದೆ ಯಾಕೆ ಎಂದು ಹಿರಿಯರು ಬೇಸರಪಡುವುದುಂಟು. ಈ ಸೀಮೆಯ ಚರಿತ್ರೆ ನೋಡಿದರೆ ಅವರ ಬೇಸರ ಬೇರೆ ಕಡೆ ತಿರುಗಬೇಕು ಎನಿಸುತ್ತದೆ. ಸತ್ತವರ ಕತೆಯನ್ನು ಸೇರಿದ ಜನದ ಮುಂದೆ ಇಡುವುದು ಇಲ್ಲಿನ ಹಳೆಯ ರೂಢಿ. ಹೊಸದಾಗಿರುವುದು, ಹಾಗೆ ಇಟ್ಟ ಕತೆಯನ್ನು ಮುಂದೆ ಕಾಯುವ ಹೊಣೆ ಯಾರದೂ ಅಲ್ಲದಂತಾಗಿರುವುದು.

ಎಚ್.ಡಿ. ಕೋಟೆ ಸೀಮೆಯ ಬೆಳತೂರಿನ ಶಾಸನವನ್ನೇ ತೆಗೆದುಕೊಳ್ಳಿ. ಅದು 1057ರದು, ಆಗ ಈ ನಾಡು ಚೋಳರ ಆಳ್ವಿಕೆಯಲ್ಲಿತ್ತು. ನುಗುನಾಡಿನ ರವಿಗನ ಮಗಳು ದೇಕಬ್ಬೆಯನ್ನು ನವಿಲೆನಾಡಿನ ಏಚನಿಗೆ ಕೊಟ್ಟಿತ್ತು. ಮಲ್ಲಯುದ್ಧದಲ್ಲಿ ಏಚನ ಕೈಯಲ್ಲಿ ದಾಯಾದಿಯೊಬ್ಬ ಸತ್ತ. ಅರಸನ ಅಪ್ಪಣೆಯಂತೆ ಏಚನನ್ನು ತಲಕಾಡಿಗೆ ಒಯ್ದು ಕೊಂದರು. ಸುದ್ದಿ ಕೇಳಿದ ದೇಕಬ್ಬೆ ಬೆಂಕಿಗೆ ಇಳಿಯಲು ಹೊರಟಾಗ ಹೆತ್ತವರು ಬೇಡವೆಂದು ತಡೆದರು, ಅವಳು ಕೇಳಲಿಲ್ಲ. ಆ ಪದ್ಧತಿಯ ಕ್ರೌರ್ಯವನ್ನು ಇಂದು ಯಾರೂ ಸಮರ್ಥಿಸಲಾರರು, ಸಮರ್ಥಿಸಲೂಬಾರದು. ಆದರೆ ಶಾಸನ ಕಟ್ಟಿರುವ ಬಗೆಯನ್ನು ಗಮನಿಸಬೇಕು. ಹೆಸರು ಮತ್ತು ತೇದಿ ಬರೆದು ಅದು ಸುಮ್ಮನಾಗುವುದಿಲ್ಲ. ಯಾರ ಮಗಳು, ಯಾರ ಹೆಂಡತಿ, ಏನಾಯಿತು, ಯಾರು ತಡೆದರು, ಅವಳು ಏನೆಂದಳು ಎಂಬುದನ್ನೆಲ್ಲ ಸನ್ನಿವೇಶದ ಮೇಲೆ ಸನ್ನಿವೇಶವಾಗಿ, ಪದ್ಯಗಳಲ್ಲಿ ಹೇಳುತ್ತದೆ. ಓದಿ ಹೇಳುವವನೊಬ್ಬ, ಸುತ್ತ ನಿಂತು ಕೇಳುವವರು ಹಲವರು ಇರುತ್ತಾರೆಂಬ ನಂಬಿಕೆಯಿಂದಲೇ ಇಂಥ ಬರಹ ಹುಟ್ಟುತ್ತದೆ. ಅಕ್ಷರ ಬಾರದವರಿಗೆ ವೀರಗಲ್ಲಿನ ಶಿಲ್ಪ ಇದೇ ಕೆಲಸ ಮಾಡುತ್ತಿತ್ತು: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಕೆಳಗಿನಿಂದ ಮೇಲಕ್ಕೆ ಕಣ್ಣಾಡಿಸಿದರೆ ಒಬ್ಬನ ಸಾವಿನ ಕತೆ ಪೂರ್ತಿಯಾಗುತ್ತದೆ.

ಕಲ್ಲು ನಿಲ್ಲಿಸಿದವರು ಕಲ್ಲನ್ನಷ್ಟೇ ನಂಬಿ ಕೂರಲಿಲ್ಲ. ಗಂಗರ ಕಾಲದ ವೀರಗಲ್ಲುಗಳಲ್ಲಿ ‘ಕಲ್ನಾಡು’ ಎಂಬ ದತ್ತಿಯ ಮಾತು ಮತ್ತೆ ಮತ್ತೆ ಬರುತ್ತದೆ. ಸತ್ತವನ ಹೆಸರಿನಲ್ಲಿ ಬಿಟ್ಟುಕೊಟ್ಟ ಭೂಮಿ ಅದು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 949–50ರ ಆ ಕಲ್ಲು ಹಂದಿಯೊಡನೆ ಕಾದು ಸತ್ತ ಕಾಳಿ ಎಂಬ ಬೇಟೆನಾಯಿಯ ನೆನಪಿನದು. ಅದಕ್ಕೂ ಭೂಮಿ ಬಿಟ್ಟಿದ್ದಾರೆ. ಸಾಲದೆಂಬಂತೆ, ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟಲಿ ಎಂದು ಕಟ್ಟು ಹಾಕಿದ್ದಾರೆ. ಮುಂದಿನ ತಲೆಮಾರು ತಾನಾಗಿ ನೆನೆಯುತ್ತದೆಂದು ಅವರು ಎಣಿಸಲಿಲ್ಲ. ದಿನದಿನವೂ ನೆನೆಯುವ ಕೆಲಸವನ್ನು ಒಬ್ಬನ ಕೊರಳಿಗೆ ಕಟ್ಟಿ, ಅವನ ಅನ್ನಕ್ಕೂ ದಾರಿ ಮಾಡಿದರು.

ಕಲ್ಲು ನಿಲ್ಲಿಸುವ ರೂಢಿ ಹಿಂದೆ ಸರಿದ ಮೇಲೆ ಈ ಕೆಲಸವನ್ನು ಹೊತ್ತದ್ದು ದನಿ. ಕೆ.ಆರ್. ನಗರ ಸೀಮೆಯಲ್ಲಿ ಕಾವೇರಿ ದಂಡೆಯ ಮೇಲಿರುವ ಕಪ್ಪಡಿ, ರಾಚಪ್ಪಾಜಿ ಮತ್ತು ಚೆನ್ನಾಜಮ್ಮನವರ ಗದ್ದುಗೆಯ ಕ್ಷೇತ್ರ. ಮಂಟೇಸ್ವಾಮಿ ಪರಂಪರೆಯ ಆ ಗದ್ದುಗೆಗಳ ಕತೆ ಶತಮಾನಗಳ ಕಾಲ ಬದುಕಿದ್ದು ದೀಕ್ಷೆ ಪಡೆದ ನೀಲಗಾರರ ತಂಬೂರಿಯಲ್ಲಿ. ಹಾಡುವುದು ಅವರಿಗೆ ಕಲೆಯಾಗುವ ಮೊದಲೇ ಒಪ್ಪಿಕೊಂಡ ಹೊಣೆ. ಸಾಮಾನ್ಯರ ಮನೆಯಲ್ಲೂ ತಿಥಿಯ ರಾತ್ರಿ ಹರಿಕಥೆ ಮಾಡಿಸುವುದು, ಭಜನೆಯವರನ್ನು ಕೂರಿಸುವುದು ಈ ಭಾಗದಲ್ಲಿ ಇಂದಿಗೂ ಉಂಟು. ಆಮೇಲೆ ಫೋಟೊ ಬಂತು. ಚೌಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ಏರಿಸಿದ ಫೋಟೊಗೂ ಕಾಯುವವರಿದ್ದರು: ಪಿತೃಪಕ್ಷದಲ್ಲಿ ಅದನ್ನು ಇಳಿಸಿ, ಗಾಜು ಒರೆಸಿ, ಕುಂಕುಮ ಇಟ್ಟು, ಅದರ ಮುಂದೆ ಎಡೆ ಹಾಕುವ ಮನೆಯ ಹೆಂಗಸರು. ವರ್ಷಕ್ಕೊಮ್ಮೆಯಾದರೂ ಆ ಮುಖವನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದುದರಿಂದ ಫೋಟೊ ಮಾಸುತ್ತಿದೆಯೋ, ಗೆದ್ದಲು ಹಿಡಿಯುತ್ತಿದೆಯೋ ಎಂಬುದು ತಿಳಿಯುತ್ತಿತ್ತು.

ಈ ಸರಪಳಿ ತುಂಡಾದದ್ದು ವಿಡಿಯೊದ ಕಾಲದಲ್ಲಿ. 1982ರ ಏಷ್ಯನ್ ಕ್ರೀಡಾಕೂಟದ ಆಚೀಚೆ ಬಣ್ಣದ ಟಿ.ವಿ., ವಿ.ಸಿ.ಆರ್.ಗಳು ದೇಶದೊಳಗೆ ಹರಡಿದವು. ಮದುವೆಯ ಕ್ಯಾಸೆಟ್ಟು ಬೀರುವಿನಲ್ಲಿ ಒಡವೆಯ ಪಕ್ಕ ಜಾಗ ಪಡೆಯಿತು. ಮುಂದೆ 74 ನಿಮಿಷದ ವಿ.ಸಿ.ಡಿ., ಆಮೇಲೆ 4.7 ಜಿ.ಬಿ.ಯ ಡಿ.ವಿ.ಡಿ., ಈಗ ಪೆನ್‌ಡ್ರೈವ್. ಪ್ರತಿ ಸಲವೂ ಯಂತ್ರ ಬದಲಾಯಿತು, ಹಳೆಯದು ಮೂಲೆ ಸೇರಿತು. ಜಗತ್ತಿನಲ್ಲಿ ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನೈ, 2016ರಲ್ಲಿ ಅದನ್ನು ನಿಲ್ಲಿಸಿತು. ಟೇಪು ಬೂಷ್ಟು ಹಿಡಿಯದೆ ಉಳಿದಿದ್ದರೂ ಅದನ್ನು ಓದುವ ಯಂತ್ರ ಸುಲಭವಾಗಿ ಸಿಗುವುದಿಲ್ಲ.

ಇಂದಿನ ದೊಡ್ಡ ಫೈಲು ತಿಥಿಯ ದಿನವೇ ಕೈಕೊಡಬಲ್ಲದು. ಅದಕ್ಕೆ ಕಾರಣ ನಿಗೂಢವೇನಲ್ಲ. 4ಕೆ ಚಿತ್ರವನ್ನು ಸೆಕೆಂಡಿಗೆ 50 ಮೆಗಾಬಿಟ್ಟಿನ ದರದಲ್ಲಿ ಉಳಿಸಿದರೆ ನಿಮಿಷಕ್ಕೆ 375 ಎಂ.ಬಿ. ಆಗುತ್ತದೆ, ಗಂಟೆಗೆ 22 ಜಿ.ಬಿ. ಮೀರುತ್ತದೆ. ಎಷ್ಟೋ ಪೆನ್‌ಡ್ರೈವುಗಳು ಬಳಸುವ ಫ್ಯಾಟ್32 ವ್ಯವಸ್ಥೆಯಲ್ಲಿ ಒಂದು ಫೈಲು 4 ಜಿ.ಬಿ. ದಾಟುವಂತಿಲ್ಲ, ಅಂದರೆ ಸುಮಾರು ಹನ್ನೊಂದು ನಿಮಿಷ ಮೀರಿದ ಚಿತ್ರ ಒಂದೇ ಫೈಲಾಗಿ ಅದಕ್ಕೆ ಕಾಪಿ ಆಗುವುದಿಲ್ಲ. ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್‌ಗೆ ಬದಲಿಸಿಕೊಂಡರೆ ಹಳೆಯ ಟಿ.ವಿ. ಅದನ್ನು ಗುರುತಿಸದೆ ಇರಬಹುದು. ಗುರುತಿಸಿದರೂ 2013ರಲ್ಲಿ ಬಂದ ಎಚ್.265 ಮಾದರಿಯ ಚಿತ್ರವನ್ನು ಅದಕ್ಕಿಂತ ಹಳೆಯ ಯಂತ್ರ ಬಿಡಿಸಲಾರದು. ಆಗ ದನಿ ಕೇಳುತ್ತದೆ, ಮುಖ ಕಾಣುವುದಿಲ್ಲ. ಎಡೆಗೆ ಹೊತ್ತು ಮೀರುತ್ತಿರುವಾಗ, ಸೇರಿದ ಜನರೆಲ್ಲ ಕಪ್ಪು ಪರದೆಯತ್ತ ನೋಡುತ್ತಿರುವಾಗ, ಸೌಂಡ್ ಸಿಸ್ಟಂನವರು ವಿಡಿಯೊ ಹೊಲಿದ ಸ್ಟುಡಿಯೊ ಹುಡುಗನಿಗೆ ಫೋನು ಹಚ್ಚಬೇಕಾಗುತ್ತದೆ. ಎಡಿಟ್ ಮಾಡಿದವನಿಗೆ ಮನೆ ಗೊತ್ತಿಲ್ಲ, ಮನೆಯವರಿಗೆ ಫೈಲಿನ ಗುಣ ಗೊತ್ತಿಲ್ಲ. ನಡುವೆ ನಿಂತು ನೋಡಿಕೊಳ್ಳುವ ಗೊರವ ಇಲ್ಲ.

ಇದಕ್ಕೆ ಸುಲಭವಾದ ಉತ್ತರವೊಂದಿದೆ: ಕಲ್ಲು ಉಳಿಯುತ್ತದೆ, ಎಲೆಕ್ಟ್ರಾನಿಕ್ ವಸ್ತು ಉಳಿಯುವುದಿಲ್ಲ, ಆದ್ದರಿಂದ ಸಮಾಧಿ ಕಟ್ಟಿಸಿ ಕಲ್ಲು ನೆಡಿ. ಈ ಸೀಮೆಯ ಅನುಭವ ಅದನ್ನು ಪೂರ್ತಿ ಒಪ್ಪುವುದಿಲ್ಲ. ಪುನ್ನಾಟದ ಅರಸರ ರಾಜಧಾನಿ ಕೀರ್ತಿಪುರವೆಂದು ವಿದ್ವಾಂಸರು ಗುರುತಿಸಿರುವ ಕಿತ್ತೂರು ಇದೇ ಎಚ್.ಡಿ. ಕೋಟೆ ಸೀಮೆಯದು, 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟೆಯ ಹಿನ್ನೀರು ಅದನ್ನು ನುಂಗಿತು. ನೀರು ಬಂದರೆ ಕಲ್ಲೂ ಕಣ್ಮರೆಯಾಗುತ್ತದೆ. ದೇಕಬ್ಬೆಯ ಕತೆ ಇಂದು ನಾಡಿನ ಯಾವ ಮೂಲೆಯಲ್ಲಾದರೂ ಓದಲು ಸಿಗುವುದು ಕಲ್ಲು ಗಟ್ಟಿಯಾಗಿದ್ದುದರಿಂದ ಮಾತ್ರವಲ್ಲ. ಶಾಸನತಜ್ಞ ಬಿ.ಎಲ್. ರೈಸ್ ಮತ್ತು ಅವರ ಕನ್ನಡ ಪಂಡಿತರು ಊರೂರಿನ ಶಾಸನಗಳ ಪ್ರತಿ ಮಾಡಿ, ಯಡತೊರೆ (ಇಂದಿನ ಕೆ.ಆರ್. ನಗರ), ಹೆಗ್ಗಡದೇವನಕೋಟೆ, ಹುಣಸೂರು ತಾಲ್ಲೂಕುಗಳವನ್ನು 1898ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಅಚ್ಚು ಹಾಕಿದರು. ಒಂದೇ ಕಲ್ಲಿನಲ್ಲಿದ್ದದ್ದು ನೂರಾರು ಪುಸ್ತಕಗಳಿಗೆ ಹೋಯಿತು. ಉಳಿಸಿದ್ದು ಪ್ರತಿ ಮಾಡಿದ ಕೈ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ವೀರಗಲ್ಲು ಕಾದಿ ಸತ್ತವರಿಗೆ, ಶಾಸನ ನಾಡೊಡೆಯರ ಮನೆಗೆ. ಅವುಗಳನ್ನು ತಿಥಿಮನೆಯ ವಿಡಿಯೊಗೆ ಹೋಲಿಸುವುದು ಸರಿಯೇ? ಹೋಲಿಕೆ ಅಷ್ಟರ ಮಟ್ಟಿಗೆ ಕುಂಟುತ್ತದೆ, ನಿಜ. ಆದರೆ ಪರದೆಯ ಪರವಾಗಿ ಹೇಳಬೇಕಾದ ದೊಡ್ಡ ಮಾತು ಅಲ್ಲೇ ಇದೆ. ಕಲ್ಲಿನ ಕಾಲದಲ್ಲಿ ಸಾಮಾನ್ಯ ಹೆಣ್ಣಿನ ಹೆಸರು ಉಳಿದದ್ದು ಎಷ್ಟೋ ಸಲ ಬೆಂಕಿಗೆ ಬಿದ್ದಾಗ. ಹಾಗೆ ಸತ್ತವರ ನೆನಪಿನ ಮಾಸ್ತಿಕಲ್ಲು ಎಷ್ಟೋ ಕಡೆ ಬಳೆ ತೊಟ್ಟ ಒಂದು ತೋಳನ್ನಷ್ಟೇ ತೋರಿಸಿ ಮುಗಿಸುತ್ತದೆ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಸೀಮೆಯಲ್ಲಿ ಎಲೆ ಒಣಗಿಸುವ ಬ್ಯಾರನ್ನಿನ ಮುಂದೆ ಕೂತು, ಹಸಿ ಎಲೆಗಳನ್ನು ಜೋಡಿಸಿ ದಾರದಿಂದ ಕಡ್ಡಿಗೆ ಕಟ್ಟುತ್ತಾ, ಅಂಟಿನಿಂದ ಕಪ್ಪಾದ ಬೆರಳಲ್ಲೇ ಸೆರಗು ಸರಿಮಾಡಿಕೊಳ್ಳುವ ಹೆಂಗಸನ್ನು ಯಾವ ಶಿಲ್ಪಿಯೂ ಕೆತ್ತಲಿಲ್ಲ. ಮಗನ ಮೊಬೈಲು ಅದನ್ನು ಹಿಡಿದಿದೆ. ಅವಳ ದುಡಿಮೆ, ದನಿ, ಬೈಗುಳ, ನಗು ಎಲ್ಲ ಅದರಲ್ಲಿವೆ. ಕೂಲಿಯವರ ಮನೆಯಲ್ಲೂ ಅಂಥ ತುಣುಕುಗಳಿವೆ. ಸಾವಿರ ವರ್ಷದಲ್ಲಿ ಮೊದಲ ಬಾರಿಗೆ, ಸತ್ತ ರೀತಿಗಾಗಿ ಅಲ್ಲದೆ ಬದುಕಿದ ರೀತಿಗಾಗಿ ಸಾಮಾನ್ಯರ ನೆನಪು ಉಳಿಯುವ ಅವಕಾಶ ಬಂದಿದೆ. ಅದನ್ನು ಆಡಂಬರವೆಂದು ತಳ್ಳಿಹಾಕುವುದು ಅನ್ಯಾಯ. ಸ್ಟುಡಿಯೊ ಡ್ರೈವಿನಲ್ಲಿ ಅಳಿಸಿಹೋಗಲು ಬಿಡುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಹಾಗಾದರೆ ಎಲ್ಲವನ್ನೂ ಗಂಟೆಗಟ್ಟಲೆ ತೋರಿಸಬೇಕೇ? ಬೇಕಿಲ್ಲ. ಶಿಲ್ಪಿ ಒಂದು ಬಾಳಿನಿಂದ ಮೂರು ಪಟ್ಟಿಕೆಗೆ ಬೇಕಾದ್ದನ್ನು ಆರಿಸಿದ. ಹರಿಕಥೆ ದಾಸರೂ ಆರಿಸಿಯೇ ಹೇಳುತ್ತಾರೆ. ಜನರೆದುರು ತೋರಿಸುವುದು ಹತ್ತು ನಿಮಿಷದ್ದಾಗಿರಲಿ, 1080ರ ಅಳತೆಗೆ ಇಳಿಸಿ, ಹೆಚ್ಚುಕಡಿಮೆ ಎಲ್ಲ ಯಂತ್ರವೂ ಓದುವ ಹಳೆಯ ಎಚ್.264 ಮಾದರಿಯಲ್ಲಿರಲಿ, ಹಿಂದಿನ ದಿನವೇ ಅದೇ ಪರದೆಯಲ್ಲಿ ಒಮ್ಮೆ ಓಡಿಸಿ ನೋಡಿರಬೇಕು. ಕತ್ತರಿಸದ ಮೂಲ ಮಾತ್ರ ಪೂರ್ತಿಯಾಗಿ ಬೇರೆ ಉಳಿಯಲಿ. ಅದರ ಪ್ರತಿ ಮೈಸೂರಿನ ಮಗಳ ಮನೆಯಲ್ಲೊಂದು, ಬೆಂಗಳೂರಿನ ಮಗನ ಮನೆಯಲ್ಲೊಂದು, ಊರಿನಲ್ಲೊಂದು ಇರಲಿ. ವಾಟ್ಸ್ಆ್ಯಪಿನಲ್ಲಿ ವಿಡಿಯೊವಾಗಿ ಹಂಚಿದ್ದು ಕುಗ್ಗಿಹೋದ ಪ್ರತಿ, ಅದನ್ನು ಮೂಲವೆಂದು ನಂಬಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು, ತಿಥಿಗೆ ಸೇರಿದ ಬಂಧುಗಳ ಎದುರಿನಲ್ಲೇ ಮನೆಯ ಒಬ್ಬರಿಗೆ ಇದರ ಹೊಣೆ ಒಪ್ಪಿಸುವುದು. ಪ್ರತಿ ವರ್ಷ ಪಕ್ಷದ ಎಡೆಯ ದಿನ ಅವರು ಅದನ್ನು ತೆರೆದು, ಓಡುತ್ತದೆಯೇ ನೋಡಿ, ಯಂತ್ರ ಬದಲಾದಾಗ ಹೊಸದಕ್ಕೆ ಪ್ರತಿ ಮಾಡಬೇಕು. ಆತಕೂರಿನವರು ಒಂದು ಬೇಟೆನಾಯಿಯ ನೆನಪಿಗೆ ಇಷ್ಟು ಕಟ್ಟುಪಾಡು ಮಾಡಬಲ್ಲವರಾಗಿದ್ದರು. ಹೆತ್ತವರ ಮುಖ ಮತ್ತು ದನಿಗೆ ನಾವು ಅಷ್ಟನ್ನಾದರೂ ಮಾಡಬೇಕು, ಮಾಡಬಲ್ಲೆವು ಕೂಡ.