ಕವಾಯತಿನ ಬಯಲೂ ಗಣಾಚಾರವೂ
(ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯ ವಿದ್ಯಾರ್ಥಿಗಳ ಸೈನಿಕ ಶಿಕ್ಷಣದ ಪೂರ್ವೋತ್ತರ)

ವಿದ್ಯೆಯೆಂಬುದು ಬುದ್ಧಿಗೆ ಬೆಳಕನ್ನೂ, ದೇಹಕ್ಕೆ ದಾರ್ಢ್ಯವನ್ನೂ, ನಡತೆಗೆ ನಿಯಮವನ್ನೂ ಏಕಕಾಲದಲ್ಲಿ ಕೊಡತಕ್ಕುದೆಂಬುದು ಪ್ರಾಚೀನರ ಮತವು. ಈ ಮೂರರಲ್ಲಿ ಒಂದು ಕುಂದಿದರೂ ಉಳಿದೆರಡು ಫಲಿಸಲಾರವು. ಈ ತತ್ತ್ವವನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಅದು ಮನೆಯ ಬಾಗಿಲಿಗೆ ಬಂದು ನಿಂತಾಗ ಮಾತ್ರ ಮನಸ್ಸು ಹಿಂದುಮುಂದಾಗುವುದು. ಹೈಸ್ಕೂಲಿನ ಎಂಟನೆಯ ತರಗತಿಗೆ ಸೇರಿದ ಬಾಲಕನು ಒಂದು ಸಂಜೆ ಅಚ್ಚಾದ ಹಾಳೆಯೊಂದನ್ನು ತಂದು ತಂದೆಯ ಮುಂದಿಡುವನು. ಅದು ಎನ್.ಸಿ.ಸಿ. ಎಂದು ಹೆಸರಾದ ನ್ಯಾಷನಲ್ ಕೆಡೆಟ್ ಕೋರಿಗೆ ಸೇರುವ ಅರ್ಜಿ. ತಂದೆಯ ರುಜುವಿಲ್ಲದೆ ಅದು ಸಲ್ಲದು. ತಂದೆಯು ಲೇಖನಿಯನ್ನು ಹಿಡಿಯುವಷ್ಟರಲ್ಲಿ, “ಕೊರಳಲ್ಲಿ ಲಿಂಗ ಕಟ್ಟಿಕೊಂಡ ಕೂಸು ಹೆಗಲ ಮೇಲೆ ಕೋವಿ ಹೊರುವುದುಂಟೇನಪ್ಪ?” ಎಂದು ಒಳಮನೆಯಿಂದ ಅಜ್ಜಿಯ ಮಾತು ಕೇಳಿಬರುವುದು. ಚಾಮರಾಜನಗರ, ಗುಂಡ್ಲುಪೇಟೆಗಳ ಸುತ್ತಣ ಭಕ್ತರ ಮನೆಗಳಲ್ಲಿ ಈ ಪ್ರಶ್ನೆಯು ಹೊಸತಲ್ಲ. ಇದನ್ನು ಮುದುಕಿಯ ಅಂಜಿಕೆಯೆಂದು ನಕ್ಕು ಬಿಡುವುದು ಯುಕ್ತವೂ ಅಲ್ಲ. ಇದರ ಬೇರು ಈ ಸೀಮೆಯ ಇತಿಹಾಸದಲ್ಲಿರುವುದು.

ಈ ಸೀಮೆಯು ಕತ್ತಿಯ ಸದ್ದನ್ನು ಬಹುಕಾಲ ಕೇಳಿದ ನೆಲವು. ಉಮ್ಮತ್ತೂರಿನ ಅರಸರು ಇಲ್ಲಿಂದಲೇ ಸುತ್ತಣ ನಾಡನ್ನು ಆಳಿದರು. ವಿಜಯನಗರದ ಕೃಷ್ಣದೇವರಾಯನು ೧೫೦೯ರಲ್ಲಿ ಪಟ್ಟವೇರಿದ ಕೆಲವೇ ವರ್ಷಗಳಲ್ಲಿ ದಂಡೆತ್ತಿ ಬಂದು ಅವರನ್ನು ಮಣಿಸಬೇಕಾಯಿತು. ಗುಂಡ್ಲುಪೇಟೆಗೆ ಸಮೀಪದ ತೆರಕಣಾಂಬಿಯ ಕೋಟೆಯು ಕೈಯಿಂದ ಕೈಗೆ ದಾಟಿ ಕಡೆಗೆ ಮೈಸೂರರಸರ ವಶವಾಯಿತು. ಕೇರಳದ ವಯನಾಡಿಗೂ ನೀಲಗಿರಿಗೂ ಹೋಗುವ ದಾರಿಗಳು ಗುಂಡ್ಲುಪೇಟೆಯಲ್ಲಿ ಕವಲೊಡೆಯುವುದರಿಂದ ದಂಡು, ದಳಗಳ ಓಡಾಟಕ್ಕೆ ಇಲ್ಲಿ ಕೊರತೆಯಿರಲಿಲ್ಲ. ಹಿಂದೆ ಅರಿಕುಠಾರವೆಂದು ಕರೆಯಿಸಿಕೊಳ್ಳುತ್ತಿದ್ದ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯವರ ಜನ್ಮಸ್ಥಳವೆಂಬ ಗೌರವದಿಂದ ೧೮೧೮ರಲ್ಲಿ ಚಾಮರಾಜನಗರವೆಂದು ಹೆಸರಿಟ್ಟು, ಬಳಿಕ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದುದು ಸರ್ವವಿದಿತವು.

ಇದೇ ನೆಲವು ಶಿವಯೋಗಿಗಳ ನೆಲವೂ ಹೌದು. ಚಾಮರಾಜನಗರಕ್ಕೆ ಹತ್ತಿರದ ಹರದನಹಳ್ಳಿಯು ಗೋಸಲ ಚನ್ನಬಸವೇಶ್ವರರ ಪೀಠದಿಂದಲೂ, ಅವರ ಕರಕಮಲಸಂಜಾತರಾದ ತೋಂಟದ ಸಿದ್ಧಲಿಂಗ ಯತಿಗಳಿಂದಲೂ ಪಾವನವಾದುದು. ಪೂರ್ವದಿಕ್ಕಿನ ಬೆಟ್ಟಸಾಲಿನಲ್ಲಿ ಮಲೆಯ ಮಹದೇಶ್ವರರು ನೆಲೆಸಿರುವರು. ವಿವೇಕಚಿಂತಾಮಣಿಯನ್ನು ರಚಿಸಿದ ನಿಜಗುಣ ಶಿವಯೋಗಿಗಳು ಮೊದಲು ಈ ಕಡೆಯ ಒಂದು ಸೀಮೆಯ ಪಾಳೆಯಗಾರರಾಗಿದ್ದು, ಅನಂತರ ವಿರಕ್ತರಾಗಿ ಶಂಭುಲಿಂಗನ ಬೆಟ್ಟದಲ್ಲಿ ತಪಸ್ಸಿಗೆ ನಿಂತರೆಂದು ಐತಿಹ್ಯವು ಹೇಳುವುದು. ಕತ್ತಿಯನ್ನು ಹಿಡಿದ ಕೈಯೇ ಇಷ್ಟಲಿಂಗವನ್ನು ಹಿಡಿದ ದೃಷ್ಟಾಂತವು ಇಲ್ಲಿ ದೂರದ್ದಲ್ಲ.

ಆದರೆ ಕತ್ತಿಯು ಲಿಂಗಧಾರಿಗಳ ಮೇಲೆಯೇ ಬಿದ್ದ ಕಾಲವೂ ಒಂದುಂಟು. ಚಿಕ್ಕದೇವರಾಜ ಒಡೆಯರು (ಆಳ್ವಿಕೆ ೧೬೭೩–೧೭೦೪) ಯೌವನದ ಕೆಲವು ಕಾಲವನ್ನು ಗುಂಡ್ಲುಪೇಟೆಯ ಬಳಿಯ ಹಂಗಳದಲ್ಲಿ ಕಳೆದರು. ಗುಂಡ್ಲುಪೇಟೆಯಲ್ಲಿ ಪರವಾಸುದೇವರ ದೇಗುಲವನ್ನು ಕಟ್ಟಿಸಿದರು. ಇವರ ಆಳ್ವಿಕೆಯಲ್ಲಿ ತೆರಿಗೆಯ ಭಾರವು ಹೆಚ್ಚಲು ರೈತರು ನೇಗಿಲನ್ನು ಕೆಳಗಿಟ್ಟು ಪ್ರತಿಭಟಿಸಿದರು. ಅವರಿಗೆ ಜಂಗಮರು ಬೆಂಬಲವಾಗಿ ನಿಂತರು. ಅದಕ್ಕೆ ಪ್ರತಿಯಾಗಿ ನಂಜನಗೂಡಿನಲ್ಲಿ ಜಂಗಮರ ವಧೆಯಾಗಿ ಅನೇಕ ಮಠಗಳು ನೆಲಸಮವಾದುವು ಎಂದು ೧೮೧೦ರಲ್ಲಿ ಮೈಸೂರಿನ ಚರಿತ್ರೆಯ ಮೊದಲ ಸಂಪುಟವನ್ನು ಪ್ರಕಟಿಸಿದ ವಿಲ್ಕ್ಸ್ ಮಹಾಶಯನು ಬರೆದಿರುವನು. ಆ ವೃತ್ತಾಂತದ ವಿವರಗಳಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿರಬಹುದು. ಆದರೆ ಆಯುಧಪಾಣಿಯನ್ನು ಕಂಡು ಮಠದ ಭಕ್ತನು ಹಿಂಜರಿಯುವುದಕ್ಕೆ ಈ ನೆನಪು ಕಾರಣವಾಗಿರುವುದು ಅಸಹಜವಲ್ಲ. ಬಲವು ಧರ್ಮದ ಅಂಕೆಯಲ್ಲಿಲ್ಲದಿದ್ದರೆ ಏನಾಗುವುದೆಂಬುದನ್ನು ಈ ಸೀಮೆಯವರು ಗ್ರಂಥವನ್ನೋದಿ ಕಲಿಯಬೇಕಾಗಿರಲಿಲ್ಲ.

ಹಾಗಾದರೆ ಬಲವೇ ಬೇಡವೆಂಬುದು ಶರಣಧರ್ಮದ ಮತವೇ? ಅಲ್ಲ. ವೀರಶೈವ ಶಬ್ದದಲ್ಲಿರುವ ವೀರಪದಕ್ಕೆ ಆಚಾರ್ಯರು ಶಿವಜೀವರ ಐಕ್ಯವನ್ನು ಬೋಧಿಸುವ ವಿದ್ಯೆಯಲ್ಲಿ ರಮಿಸುವವನೆಂದು ಅರ್ಥ ಹೇಳಿರುವರು. ಈ ವೀರನು ಮೊದಲು ಗೆಲ್ಲತಕ್ಕುದು ತನ್ನನ್ನು. ಆದರೂ ಪಂಚಾಚಾರಗಳಲ್ಲಿ ಲಿಂಗಾಚಾರ, ಸದಾಚಾರ, ಶಿವಾಚಾರ, ಭೃತ್ಯಾಚಾರಗಳೊಡನೆ ಗಣಾಚಾರವನ್ನೂ ಎಣಿಸಿರುವರು. ಧರ್ಮಕ್ಕೂ ಸಮಾಜಕ್ಕೂ ಕೇಡೊದಗಿದಾಗ ಸುಮ್ಮನೆ ನೋಡುತ್ತ ಕುಳಿತುಕೊಳ್ಳದೆ ಎದ್ದು ನಿಲ್ಲುವುದೇ ಗಣಾಚಾರವು. ಎಲ್ಲರಿಗಿಂತಲೂ ಕಿರಿಯನೆಂದು ತಿಳಿದು ಸೇವೆಗೆ ನಿಲ್ಲುವುದು ಭೃತ್ಯಾಚಾರವು. ಇವೆರಡೂ ಒಂದನ್ನೊಂದು ಬಿಟ್ಟಿರಲಾಗದು. ವಿನಯವಿಲ್ಲದ ಧೈರ್ಯವು ದರ್ಪವಾಗುವುದು. ಧೈರ್ಯವಿಲ್ಲದ ವಿನಯವು ದೈನ್ಯವಾಗುವುದು. ಈ ಅಳತೆಗೋಲನ್ನು ಕೈಯಲ್ಲಿ ಹಿಡಿದು ಶಾಲೆಗಳ ಸೈನಿಕ ಶಿಕ್ಷಣದ ಚರಿತ್ರೆಯನ್ನು ಪರಿಶೀಲಿಸಬೇಕು.

ಆಂಗ್ಲರ ಕಾಲದಲ್ಲಿ ಇಂತಹ ಶಿಕ್ಷಣವು ಹಳ್ಳಿಯ ಮಕ್ಕಳಿಗೆ ಎಟುಕುತ್ತಿರಲಿಲ್ಲ. ೧೯೦೯ರಲ್ಲಿ ಬೆಂಗಳೂರಿನಲ್ಲಿ ಸ್ಕೌಟ್ ದಳವು ಮೊದಲಾದಾಗ ಅದು ಬಿಳಿಯರ ಮಕ್ಕಳಿಗಾಗಿಯೇ ಇದ್ದಿತು. ಮೊದಲನೆಯ ಮಹಾಯುದ್ಧದಲ್ಲಿ ಸೈನ್ಯಕ್ಕೆ ಜನಸಾಲದಿರಲು ೧೯೧೭ರಲ್ಲಿ ವಿಶ್ವವಿದ್ಯಾಲಯಗಳಲ್ಲಿ ದಳಗಳನ್ನು ಕಟ್ಟಿದರು. ೧೯೨೦ರಲ್ಲಿ ಅವುಗಳಿಗೆ ಯೂನಿವರ್ಸಿಟಿ ಟ್ರೈನಿಂಗ್ ಕೋರ್ ಎಂಬ ಹೆಸರಾಯಿತು. ಎರಡನೆಯ ಮಹಾಯುದ್ಧದ ನಡುವೆ, ೧೯೪೨ರಲ್ಲಿ, ಅಧಿಕಾರಿಗಳನ್ನು ತಯಾರಿಸುವ ದಳವೆಂದು ಅದನ್ನು ಮಾರ್ಪಡಿಸಿದರು. ಆಗ ಚಾಮರಾಜನಗರ, ಗುಂಡ್ಲುಪೇಟೆಗಳು ಮೈಸೂರು ಸಂಸ್ಥಾನಕ್ಕೂ, ನೆರೆಯ ಕೊಳ್ಳೇಗಾಲವು ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೂ ಸೇರಿದ್ದುವು. ಮೈಸೂರಿನ ಅಶ್ವದಳವು ೧೯೧೮ನೆಯ ಸೆಪ್ಟೆಂಬರ್ ೨೩ರಂದು ದೂರದ ಹೈಫಾ ಪಟ್ಟಣವನ್ನು ಗೆದ್ದುಕೊಂಡ ದಳಗಳಲ್ಲಿ ಒಂದಾಗಿ ಕೀರ್ತಿಯನ್ನು ಪಡೆಯಿತು. ಆದರೆ ಆ ಶೌರ್ಯವು ಪರರ ಸಾಮ್ರಾಜ್ಯದ ಲೆಕ್ಕಕ್ಕೆ ಸಂದಿತು.

ಸ್ವಾತಂತ್ರ್ಯವು ಸಮೀಪಿಸಿದಾಗ ಈ ವಿಷಯವು ಹೊಸ ದೃಷ್ಟಿಯಿಂದ ವಿಚಾರಕ್ಕೆ ಬಂದಿತು. ೧೯೪೬ರಲ್ಲಿ ಪಂಡಿತ ಹೃದಯನಾಥ ಕುಂಜ್ರು ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ಏರ್ಪಟ್ಟು, ಕಾಲೇಜುಗಳಿಗೆ ಮಾತ್ರವಲ್ಲದೆ ಶಾಲೆಗಳಿಗೂ ದೇಶವ್ಯಾಪಕವಾದ ವಿದ್ಯಾರ್ಥಿದಳವು ಬೇಕೆಂದು ೧೯೪೭ರಲ್ಲಿ ವರದಿಮಾಡಿತು. ಅದರಂತೆ ೧೯೪೮ನೆಯ ಏಪ್ರಿಲಿನಲ್ಲಿ ನ್ಯಾಷನಲ್ ಕೆಡೆಟ್ ಕೋರ್ ಶಾಸನವು ಜಾರಿಗೆ ಬಂದು, ಅದೇ ವರ್ಷದ ಜುಲೈಯಲ್ಲಿ ದಳವು ಉದ್ಘಾಟಿತವಾಯಿತು. ಇದರ ಮೊದಲ ನಿರ್ದೇಶಕರಾದ ಕರ್ನಲ್ ಜಿ. ಜಿ. ಬೇವೂರರು ಮುಂದೆ ೧೯೭೩ರಲ್ಲಿ ಭಾರತದ ಭೂಸೇನೆಯ ಮುಖ್ಯಸ್ಥರಾದರು. ಕಾಲೇಜುಗಳಿಗೆ ಹಿರಿಯ ವಿಭಾಗವೂ ಹೈಸ್ಕೂಲುಗಳಿಗೆ ಕಿರಿಯ ವಿಭಾಗವೂ ಏರ್ಪಟ್ಟುವು. ೧೯೪೯ರಲ್ಲಿ ಹೆಣ್ಣುಮಕ್ಕಳ ವಿಭಾಗವೂ ಕೂಡಿಕೊಂಡಿತು.

ಅಜ್ಜಿಯ ಪ್ರಶ್ನೆಗೆ ಶಾಸನದಲ್ಲಿಯೇ ಅರ್ಧ ಉತ್ತರವಿರುವುದು. ಈ ದಳಕ್ಕೆ ಸೇರಿದ ವಿದ್ಯಾರ್ಥಿಯು ಯುದ್ಧಕ್ಕೆ ಹೋಗಲು ಬದ್ಧನಲ್ಲ. ಸೇರಿದವನು ಮುಂದೆ ರೈತನಾಗಬಹುದು, ಉಪಾಧ್ಯಾಯನಾಗಬಹುದು, ಮಠದ ಸೇವೆಗೂ ನಿಲ್ಲಬಹುದು, ಸಿಪಾಯಿಯಾಗಲೇಬೇಕೆಂಬ ಕಟ್ಟಿಲ್ಲ.

೧೯೬೨ರ ಚೀನಾ ಯುದ್ಧದಲ್ಲಿ ದೇಶಕ್ಕೆ ಬಿದ್ದ ಪೆಟ್ಟಿನಿಂದ ಈ ವ್ಯವಸ್ಥೆಯು ಬೇರೊಂದು ಪರೀಕ್ಷೆಗೆ ಗುರಿಯಾಯಿತು. ಮರುವರ್ಷವೇ ಕಾಲೇಜಿನ ವಿದ್ಯಾರ್ಥಿಗಳಿಗೆ ಈ ಶಿಕ್ಷಣವನ್ನು ಕಡ್ಡಾಯವೆಂದು ವಿಧಿಸಲಾಯಿತು. ಸಂಖ್ಯೆಯೇನೋ ಬೆಳೆಯಿತು, ಆದರೆ ಕಲಿಸುವವರೂ ಸಲಕರಣೆಗಳೂ ಅದಕ್ಕೆ ತಕ್ಕಂತೆ ಬೆಳೆಯಲಿಲ್ಲ. ಮನಸ್ಸಿಲ್ಲದೆ ಸಾಲಿನಲ್ಲಿ ನಿಂತವನಿಂದ ಸಾಲು ಕೆಡುವುದಲ್ಲದೆ ಬಲಗೊಳ್ಳದು. ೧೯೬೮ರಲ್ಲಿ ಕಡ್ಡಾಯವನ್ನು ತೆಗೆದು ಇದನ್ನು ಮರಳಿ ಸ್ವೇಚ್ಛೆಗೆ ಬಿಟ್ಟರು. ದೀಕ್ಷೆಯ ವಿಷಯದಲ್ಲಿ ಗುರುಮಾರ್ಗವು ಕಲಿಸುವ ಪಾಠವೂ ಇದೇ. ಗುರುವು ಕರುಣಿಸಬೇಕು, ಶಿಷ್ಯನು ಬಯಸಬೇಕು. ಬಯಸದವನ ಕೊರಳಿಗೆ ಕಟ್ಟಿದುದು ಭಾರವಾಗುವುದು. ಇತ್ತ ಒಲಿದು ಬಂದ ವಿದ್ಯಾರ್ಥಿಗಳು ೧೯೬೫, ೧೯೭೧ರ ಯುದ್ಧಗಳಲ್ಲಿ ಆಯುಧ ಕಾರ್ಖಾನೆಗಳಿಗೆ ನೆರವಾದರು, ಮದ್ದುಗುಂಡುಗಳ ಸಾಗಣೆಗೆ ಕೈಗೊಟ್ಟರು, ನಾಗರಿಕ ರಕ್ಷಣೆಯಲ್ಲಿ ನಿಂತರು. ಇವು ಕೊಲ್ಲುವ ಕೆಲಸಗಳಲ್ಲ, ಕಾಯುವ ಕೆಲಸಗಳು.

ಈ ಸೀಮೆಯ ಮಕ್ಕಳು ಇಂತಹ ದಳಕ್ಕೆ ಸೇರಬೇಕಾದರೆ ಮೊದಲು ಹೈಸ್ಕೂಲಿಗೆ ಸೇರಬೇಕಷ್ಟೆ. ಮೈಸೂರಿನಿಂದ ನಂಜನಗೂಡಿಗೆ ಬಂದಿದ್ದ ರೈಲು ಚಾಮರಾಜನಗರವನ್ನು ಮುಟ್ಟಿದುದು ೧೯೨೬ರಲ್ಲಿ. ಗುಂಡ್ಲುಪೇಟೆಗೆ ರೈಲು ಬರಲೇ ಇಲ್ಲ. ಹಳ್ಳಿಯ ಹುಡುಗನಿಗೆ ಪಟ್ಟಣದಲ್ಲಿ ಅನ್ನವೂ ಆಸರೆಯೂ ದೊರೆಯದೆ ವಿದ್ಯೆಯು ನಾಲ್ಕನೆಯ ತರಗತಿಗೇ ನಿಂತುಹೋಗುತ್ತಿದ್ದ ಕಾಲದಲ್ಲಿ ಮಠಗಳು ಪ್ರಸಾದನಿಲಯಗಳನ್ನು ತೆರೆದುವು. ಸುತ್ತೂರು ಶ್ರೀಮಠದ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು ೧೯೪೧ರಲ್ಲಿ ಮೈಸೂರಿನಲ್ಲಿ ವಿದ್ಯಾರ್ಥಿನಿಲಯವನ್ನು ಆರಂಭಿಸಿ, ೧೯೫೪ರಲ್ಲಿ ಜೆ.ಎಸ್.ಎಸ್. ಮಹಾವಿದ್ಯಾಪೀಠವನ್ನು ಸ್ಥಾಪಿಸಿದುದು ಈ ದಾಸೋಹದ ಉಜ್ವಲ ನಿದರ್ಶನವು. ೧೯೫೬ರಲ್ಲಿ ಕೊಳ್ಳೇಗಾಲವೂ ಮೈಸೂರು ರಾಜ್ಯಕ್ಕೆ ಸೇರಿತು; ೧೯೯೭ರಲ್ಲಿ ಇವೆಲ್ಲವೂ ಕೂಡಿ ಚಾಮರಾಜನಗರ ಜಿಲ್ಲೆಯಾಯಿತು. ಮಠವು ಬಡಿಸಿದ ಅನ್ನದಿಂದಲೇ ಅನೇಕ ಕೆಡೆಟ್ಟರ ಕಾಲಿಗೆ ಬಲಬಂದಿತೆಂದರೆ ಅತಿಶಯೋಕ್ತಿಯಾಗದು.

ದಳದ ದಿನಚರಿಯು ಮಠದ ದಿನಚರಿಯನ್ನು ಅರಿತವರಿಗೆ ಅಪರಿಚಿತವೆನಿಸದು. ಬೆಳಗಿನ ಜಾವದಲ್ಲಿ ಏಳುವುದು; ಖಾಕಿಯ ಉಡುಪನ್ನು ತಾನೇ ಒಗೆದು ಇಸ್ತ್ರಿಮಾಡಿಕೊಳ್ಳುವುದು; ಬೂಟಿಗೂ ನಡುಪಟ್ಟಿಯ ಹಿತ್ತಾಳೆಯ ಬಿಲ್ಲೆಗೂ ಹೊಳಪು ಕೊಡುವುದು; ಗಂಟೆಗೆ ಸರಿಯಾಗಿ ಬಯಲಿನಲ್ಲಿ ನಿಲ್ಲುವುದು. ‘ಸಾವಧಾನ್’ ಎಂದೊಡನೆ ನೆಟ್ಟಗಾಗುವುದು, ‘ವಿಶ್ರಾಮ್’ ಎಂದೊಡನೆ ಸಡಿಲಾಗುವುದು. ಇದನ್ನು ಕಲಿಸತಕ್ಕವರು ಬೇರೆ ಯಾರೋ ಅಲ್ಲ, ಅದೇ ಶಾಲೆಯ ಉಪಾಧ್ಯಾಯರು. ನಾಗಪುರದ ಬಳಿಯ ಕಾಂಪ್ಟಿಯಲ್ಲಿ ಪುರುಷರೂ, ಗ್ವಾಲಿಯರಿನಲ್ಲಿ ಸ್ತ್ರೀಯರೂ ಅದಕ್ಕಾಗಿ ತರಬೇತನ್ನು ಹೊಂದಿ ಬರುವರು. ಹೈಸ್ಕೂಲಿನ ಎರಡು ವರ್ಷಗಳಲ್ಲಿ ಕವಾಯತು, ನಕ್ಷೆಯನ್ನೋದುವುದು, ಪ್ರಥಮ ಚಿಕಿತ್ಸೆ, ಸಣ್ಣ ಗುಂಡಿನ ರೈಫಲ್ಲಿನಿಂದ ಗುರಿಯಿಡುವುದು ಮೊದಲಾದುವನ್ನು ಕಲಿತು, ಹತ್ತು ದಿವಸದ ವಾರ್ಷಿಕ ಶಿಬಿರವನ್ನು ಮುಗಿಸಿ, ಪರೀಕ್ಷೆಯಲ್ಲಿ ತೇರ್ಗಡೆಯಾದವನಿಗೆ ‘ಎ’ ಪ್ರಮಾಣಪತ್ರವು ದೊರೆಯುವುದು. ಕಾಲೇಜಿನಲ್ಲಿ ಮುಂದುವರಿದವನು ‘ಬಿ’, ‘ಸಿ’ ಪತ್ರಗಳನ್ನು ಪಡೆಯಬಹುದು. ‘ಸಿ’ ಪತ್ರವುಳ್ಳ ಪದವೀಧರರಿಗೆ ಲಿಖಿತ ಪರೀಕ್ಷೆಯಿಲ್ಲದೆ ಸೇನಾಧಿಕಾರಿಯ ಆಯ್ಕೆಗೆ ನಿಲ್ಲುವ ಒಂದು ದಾರಿಯೂ ಉಂಟು.

ಆದರೆ ಪತ್ರಕ್ಕಿಂತ ಹಿರಿದಾದ ಲಾಭವು ಸಾಲಿನಲ್ಲಿರುವುದು. ಆ ಸಾಲಿನಲ್ಲಿ ಎತ್ತರವನ್ನು ನೋಡಿ ನಿಲ್ಲಿಸುವರಲ್ಲದೆ ಕುಲವನ್ನು ನೋಡಿ ನಿಲ್ಲಿಸುವುದಿಲ್ಲ. ಹೊಲದೊಡೆಯನ ಮಗನೂ ಅದೇ ಹೊಲದ ಆಳಿನ ಮಗನೂ ಹೆಗಲಿಗೆ ಹೆಗಲು ಕೊಟ್ಟು ನಿಂತು, ಶಿಬಿರದಲ್ಲಿ ಒಂದೇ ಗುಡಾರದಲ್ಲಿ ಮಲಗಿ, ಒಂದೇ ಪಂಕ್ತಿಯಲ್ಲಿ ಉಣ್ಣುವರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಯಾವುದಕ್ಕಾಗಿ ಸರ್ವಸ್ವವನ್ನೂ ತೆತ್ತರೋ ಆ ಸಮಪಂಕ್ತಿಯು, ಹೆಸರೆತ್ತದೆಯೇ, ಶಾಲೆಯ ಬಯಲಿನಲ್ಲಿ ನಡೆಯುತ್ತಿರುವುದು. ಲಿಂಗವಂತರ ಮನೆಯಲ್ಲಿಯೂ ಇಂದಿಗೂ ಪಂಕ್ತಿಭೇದವು ಪೂರ್ತಿ ಅಳಿದಿಲ್ಲವೆಂಬುದನ್ನು ಬಲ್ಲವರು, ಮಗನು ಶಿಬಿರದಿಂದ ಕಲಿತು ಬಂದುದನ್ನು ಮನೆಯಲ್ಲಿ ಮರೆಯದಂತೆ ನೋಡಿಕೊಳ್ಳುವುದೇ ಮೇಲು.

ಹೆಣ್ಣುಮಕ್ಕಳ ವಿಷಯದಲ್ಲಿ ಹಿಂಜರಿಕೆಯು ಇನ್ನೂ ಹೆಚ್ಚು. ಗುಂಡ್ಲುಪೇಟೆಯ ಕ್ಷೇತ್ರದಿಂದ ಆರಿಸಿ ಬಂದ ಕೆ. ಎಸ್. ನಾಗರತ್ನಮ್ಮನವರು ೧೯೭೨ರಲ್ಲಿ ರಾಜ್ಯದ ವಿಧಾನಸಭೆಯ ಮೊದಲ ಮಹಿಳಾ ಸಭಾಧ್ಯಕ್ಷರಾಗಿ ಸಭೆಯನ್ನೆಲ್ಲ ಶಿಸ್ತಿನಲ್ಲಿ ನಡೆಸಿದುದನ್ನು ಕಂಡ ಸೀಮೆಯಿದು. ಇಂತಹ ಕಡೆ, ಮಗಳು ಮುಂದೆ ನಿಂತು ಆಜ್ಞೆಕೊಡುವುದು ಸಲ್ಲದೆನ್ನಲು ಆಧಾರವಿಲ್ಲ. ಸ್ತ್ರೀಗೂ ಲಿಂಗದೀಕ್ಷೆಯನ್ನು ಕೊಟ್ಟ ಧರ್ಮವು ಅವಳಿಗೆ ಧೈರ್ಯವನ್ನು ನಿರಾಕರಿಸಲಾರದು.

೧೯೪೮ರಲ್ಲಿ ೨೦,೦೦೦ ಕೆಡೆಟ್ಟರಿಂದ ಮೊದಲಾದ ಈ ದಳಕ್ಕೆ ೨೦೨೪ರಲ್ಲಿ ೨೦ ಲಕ್ಷದವರೆಗೆ ಬೆಳೆಯಲು ಮಂಜೂರಾತಿಯು ದೊರೆತಿರುವುದು. ಆದರೂ ಎಲ್ಲ ಶಾಲೆಗಳಿಗೆ ದಳವಿಲ್ಲ. ಇದ್ದ ಕಡೆಯೂ ಬಯಸಿದವರಿಗೆಲ್ಲ ಸ್ಥಾನವಿಲ್ಲ. ಆದುದರಿಂದ ಸ್ಥಾನವು ದೊರೆತ ಮಗುವು ಅದನ್ನು ಪ್ರಮಾಣಪತ್ರದ ಆಸೆಗೆ ಮಾತ್ರ ಬಳಸಿದರೆ ಮತ್ತೊಂದು ಮಗುವಿನ ಪಾಲನ್ನು ಉಂಡಂತಾಗುವುದು. ಕವಾಯತಿನ ನೆಪದಿಂದ ಓದನ್ನು ಕೆಡಿಸಿಕೊಳ್ಳುವುದೂ, ಉಡುಪಿನ ಗರ್ವದಿಂದ ಕಿರಿಯರನ್ನು ಗದರಿಸುವುದೂ ದೋಷಗಳೇ. ಶಿಸ್ತೆಂಬುದು ಸೀಟಿಯ ಸದ್ದಿಗೆ ಮಾತ್ರ ಎಚ್ಚರವಾಗಿ, ಅದು ನಿಂತೊಡನೆ ಮಲಗುವಂತಹದಾದರೆ ಅದು ಶಿಸ್ತಲ್ಲ, ಅಂಜಿಕೆ.

ಅಜ್ಜಿಯ ಪ್ರಶ್ನೆಯ ಉಳಿದರ್ಧಕ್ಕೆ ಉತ್ತರವನ್ನು ಯಾವ ಶಾಸನವೂ ಕೊಡಲಾರದು. ಅದನ್ನು ಮನೆಯೂ ಮಠವೂ ಕೊಡಬೇಕು. ನಂಜನಗೂಡಿನ ಕತ್ತಿಯಲ್ಲಿ ಬಲವಿದ್ದಿತು, ಕರುಣೆಯಿರಲಿಲ್ಲ. ಖಾಕಿಯ ಅಂಗಿಯ ಹೊರಗೆ ಸಾಲಿನ ನಿಯಮವೂ, ಒಳಗೆ ಎದೆಯ ಮೇಲಿನ ಕರಡಿಗೆಯಲ್ಲಿ ಗುರುವು ಕೊಟ್ಟ ಲಿಂಗವೂ ಇದ್ದಲ್ಲಿ, ಕೈಯಲ್ಲಿರುವುದು ಏನೇ ಆಗಲಿ ಅದು ನಿರಪರಾಧಿಯ ಮೇಲೆ ಏಳದು. ಬೆಳಗ್ಗೆ ಕವಾಯತಿಗೆ ಹೊರಡುವ ಮೊದಲು ಲಿಂಗಪೂಜೆಯನ್ನು ಬಿಡದ ಬಾಲಕನು ತಂದ ಹಾಳೆಗೆ ತಂದೆಯು ನಿಶ್ಶಂಕೆಯಿಂದ ರುಜುಹಾಕಬಹುದು. ಅಜ್ಜಿಯೂ ಅವನ ಹಣೆಗೆ ವಿಭೂತಿಯನ್ನು ಧರಿಸಿ ಕಳುಹಿಸಬಹುದು. ಕಾಯುವ ಕೈಗಳು ಈ ಸೀಮೆಯಲ್ಲಿ ಹೆಚ್ಚಲಿ. ಅವುಗಳಿಗೆ ಶ್ರೀಗುರುವಿನ ಕಾರುಣ್ಯವು ಸದಾ ಬೆಂಬಲವಾಗಿರಲಿ.

ಶಿವಂ ಭೂಯಾತ್.