ಹವಾಮಾನ ಹಣಕಾಸು: ಸೆನೆಗಲ್ ಕಲಿತ ಪಾಠ ನೆರೆಯವರಿಗೂ ಸಿಕ್ಕಿದ್ದು ಹೇಗೆ?

ಹವಾಮಾನ ಬದಲಾವಣೆ ಎದುರಿಸಲು ಅಭಿವೃದ್ಧಿಶೀಲ ದೇಶಗಳಿಗೆ 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುತ್ತೇವೆ ಎಂದು ಶ್ರೀಮಂತ ದೇಶಗಳು 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಮಾತು ಕೊಟ್ಟವು. ಶ್ರೀಮಂತ ದೇಶಗಳದ್ದೇ ಕೂಟವಾದ ಒಇಸಿಡಿ ಲೆಕ್ಕದಂತೆ ಆ ಮೊತ್ತ ಮುಟ್ಟಿದ್ದು 2022ರಲ್ಲಿ. ಅದರಲ್ಲೂ ದೊಡ್ಡ ಪಾಲು ಸಾಲ! ಎಷ್ಟು ಕೊಟ್ಟರು ಅನ್ನೋದರಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆ ಇದೆ: ಬಂದ ದುಡ್ಡು ಯಾರ ಕೈಯಲ್ಲಿರುತ್ತೆ?

ಮಧ್ಯವರ್ತಿ ಬೇಕೇ?
ಈ ಹಣದಲ್ಲಿ ದೊಡ್ಡದೊಂದು ಪಾಲು ಬರೋದು ವಿಶ್ವಬ್ಯಾಂಕ್, ವಿಶ್ವಸಂಸ್ಥೆಯ ಅಂಗಸಂಸ್ಥೆಗಳಂತಹ ಮಧ್ಯವರ್ತಿಗಳ ಮೂಲಕ. ಕ್ಯೋಟೋ ಒಪ್ಪಂದದಡಿ ಹುಟ್ಟಿದ ಅಡಾಪ್ಟೇಶನ್ ಫಂಡ್ ಬೇರೆ ದಾರಿ ತೆರೆಯಿತು. ದೇಶದ್ದೇ ಒಂದು ಸಂಸ್ಥೆ ಮಾನ್ಯತೆ ಪಡೆದರೆ ಅನುದಾನ ನೇರವಾಗಿ ಅದಕ್ಕೇ ಬರುತ್ತದೆ. ಇದಕ್ಕೆ 'ಡೈರೆಕ್ಟ್ ಆಕ್ಸೆಸ್' ಎನ್ನುತ್ತಾರೆ.

ಮೊದಲು ದಾಟಿದವರು
2010ರಲ್ಲಿ ಈ ಮಾನ್ಯತೆ ಪಡೆದ ಜಗತ್ತಿನ ಮೊದಲ ರಾಷ್ಟ್ರೀಯ ಸಂಸ್ಥೆ ಪಶ್ಚಿಮ ಆಫ್ರಿಕಾದ ಸೆನೆಗಲ್‌ನ ಪರಿಸರ ನಿಗಾ ಕೇಂದ್ರ, ಸಿಎಸ್ಇ. ಕಡಲ್ಕೊರೆತದಿಂದ ನಲುಗುತ್ತಿದ್ದ ರುಫಿಸ್ಕ್, ಸಾಲಿ, ಜೋಆಲ್ ಊರುಗಳಿಗೆ ಅದು ಸುಮಾರು 86 ಲಕ್ಷ ಡಾಲರ್ ಯೋಜನೆ ತಂದಿತು. ಮಾನ್ಯತೆ ಸುಲಭಕ್ಕೆ ಸಿಗೋದಿಲ್ಲ. ಲೆಕ್ಕಪರಿಶೋಧನೆ, ಟೆಂಡರ್ ನಿಯಮ, ವಂಚನೆ ತಡೆಯುವ ವ್ಯವಸ್ಥೆ ಎಲ್ಲಕ್ಕೂ ದಾಖಲೆ ಬೇಕು. ಸೆನೆಗಲ್‌ನ ಆಡಳಿತ ಭಾಷೆ ಫ್ರೆಂಚ್, ನಿಧಿಯ ಭಾಷೆ ಇಂಗ್ಲಿಷ್!

ಪಾಠ ಹಂಚಿಕೆ
ಮೊದಲೇ ಮಾನ್ಯತೆ ಪಡೆದ ಸಂಸ್ಥೆಗಳು ಬೇರೆ ದೇಶಗಳಿಗೆ ದಾರಿ ತೋರಿಸಲೆಂದೇ ಅಡಾಪ್ಟೇಶನ್ ಫಂಡ್ ಸಣ್ಣ ಅನುದಾನ ಕೊಡತೊಡಗಿತು. ಅದರಡಿ ಸಿಎಸ್ಇ, ನೈಜರ್‌ನಂತಹ ನೆರೆಹೊರೆಯ ದೇಶಗಳ ನೆರವಿಗೆ ನಿಂತಿತು. ಯಾವ ಸಂಸ್ಥೆಯನ್ನು ಆರಿಸಬೇಕು, ಯಾವ ದಾಖಲೆಯಲ್ಲಿ ಏನು ಕೊರತೆ ಎಂದು ಹೇಳಲು, ಅದೇ ಕಷ್ಟ ಪಟ್ಟವರಿಗಿಂತ ಬೇರೆ ಯಾರು ಬೇಕು?

ನಮಗೇನು?
ಭಾರತದಲ್ಲಿ ನಬಾರ್ಡ್‌ಗೆ ಅಡಾಪ್ಟೇಶನ್ ಫಂಡ್ ಮಾನ್ಯತೆ 2012ರಲ್ಲೇ ಸಿಕ್ಕಿದೆ, ಗ್ರೀನ್ ಕ್ಲೈಮೇಟ್ ಫಂಡ್‌ನದ್ದು 2015ರಲ್ಲಿ. ಆದರೆ ನೇರ ದಾರಿ ರಾಜಧಾನಿಯ ಕಚೇರಿಗೇ ಮುಗಿದರೆ ಪ್ರಯೋಜನ ಅರ್ಧ ಮಾತ್ರ. ಯೋಜನೆ ರೂಪಿಸುವಾಗ ಮೀನುಗಾರರನ್ನು, ಒಣಭೂಮಿ ರೈತರನ್ನು ಕೇಳಿದ್ದಾರಾ ಅನ್ನೋದನ್ನು ನಾವೇ ಕೇಳಬೇಕು. 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಡಾಲರ್ ಎಂಬ ಹೊಸ ಗುರಿಯನ್ನು 2024ರಲ್ಲಿ ಬಾಕುವಿನಲ್ಲಿ ಒಪ್ಪಿದ್ದಾರೆ. ಆ ಅಂಕಿ ಓದುವಾಗಲೂ ಎರಡು ಪ್ರಶ್ನೆ ಮರೆಯಬೇಡಿ: ಅದು ಸಾಲವೋ, ಅನುದಾನವೋ? ಖರ್ಚಿನ ತೀರ್ಮಾನ ಯಾರದ್ದು?