ಎಳೆಯ ಬೇರಿನ ಹಲ್ಲು: ಒಂದು ಚಿಕಿತ್ಸೆಯ ಇತಿಹಾಸ ಮತ್ತು ದಂತವೈದ್ಯರ ಮತಭೇದ

ಶಾಶ್ವತ ಹಲ್ಲು ಬಾಯಲ್ಲಿ ಮೂಡಿದೊಡನೆ ಅದರ ಬೆಳವಣಿಗೆ ಮುಗಿಯಿತೆಂಬ ಭಾವನೆ ಸಾಮಾನ್ಯವಾದುದು. ವಾಸ್ತವವಾಗಿ ಬೇರಿನ ತುದಿ ಕೂಡಿಕೊಳ್ಳಲು ಮುಂದೆ ಸುಮಾರು 3 ವರ್ಷ ಹಿಡಿಯುತ್ತದೆ. ಆ ಅವಧಿಯಲ್ಲಿ ಮಗು ಬಿದ್ದು ದಂತಮಜ್ಜೆ ಸತ್ತರೆ ಬೇರು ಅಲ್ಲಿಗೇ ನಿಲ್ಲುವುದು; ಅದರ ಗೋಡೆ ತೆಳುವಾಗಿಯೂ ತುದಿ ತೆರೆದುಕೊಂಡೂ ಉಳಿಯುವುದು.

1964ರಲ್ಲಿ ಕೈಸರ್, 1966ರಲ್ಲಿ ಫ್ರಾಂಕ್ ಪ್ರತಿಪಾದಿಸಿದ ಕ್ರಮದಂತೆ ಕ್ಯಾಲ್ಸಿಯಂ ಹೈಡ್ರಾಕ್ಸೈಡಿನ ಲೇಪವನ್ನು ಬೇರಿನೊಳಗೆ ತಿಂಗಳುಗಟ್ಟಲೆ ಇರಿಸಲಾಗುತ್ತಿತ್ತು. ತುದಿ ಮುಚ್ಚುತ್ತಿತ್ತು, ಗೋಡೆ ಮಾತ್ರ ಬೆಳೆಯುತ್ತಿರಲಿಲ್ಲ. ಇಂಥ ಹಲ್ಲುಗಳು ವಸಡಿನ ಬಳಿ ಮುರಿಯುವುದನ್ನು ಸ್ವೀಡನ್ನಿನ ಸ್ವೆಕ್ 1992ರಲ್ಲಿ ತೋರಿಸಿದರು. ಬೇರಿನೊಳಗೆ ರಕ್ತವನ್ನು ತುಂಬಿಸಿ ಜೀವಂತ ಅಂಗಾಂಶವನ್ನು ಪಡೆಯುವ ಯತ್ನವನ್ನು ನಾರ್ವೆಯ ನೈಗಾರ್ಡ್-ಓಸ್ತ್‌ಬಿ 1961ರಷ್ಟು ಹಿಂದೆಯೇ ನಡೆಸಿದ್ದರು. ಅದು ಚಿಕಿತ್ಸಾಕ್ರಮವಾಗಿ ನೆಲೆಗೊಂಡದ್ದು ಜಪಾನಿನ ಇವಾಯಾ ಮತ್ತು ಸಂಗಡಿಗರ 2001ರ, ಬ್ಯಾಂಕ್ಸ್ ಮತ್ತು ಟ್ರೋಪ್ ಅವರ 2004ರ ವರದಿಗಳ ತರುವಾಯ.

ಮತಭೇದ ಮೊಳೆತದ್ದು ಹೆಸರಿನಿಂದಲೇ ಎನ್ನಬಹುದು. ಅಮೆರಿಕದ ಸಂಘವು ‘ಪುನರುತ್ಪಾದನೆ’ ಎಂದಿತು. ಐರೋಪ್ಯ ಸಂಘವು 2016ರಲ್ಲಿ ‘ಪುನಶ್ಚೇತನ’ ಎಂಬ ಮಿತವಾದ ಪದವನ್ನು ಆರಿಸಿತು. ಕಾರಣ ಸ್ಪಷ್ಟ: ಚಿಕಿತ್ಸೆಯ ಅನಂತರ ಬೇರಿನೊಳಗೆ ಬೆಳೆಯುವುದು ಬಹುಮಟ್ಟಿಗೆ ಮೂಳೆಯನ್ನೂ ಸಿಮೆಂಟಮ್ಮನ್ನೂ ಹೋಲುವ ಅಂಗಾಂಶವೇ ಹೊರತು ಮೊದಲಿನ ದಂತಮಜ್ಜೆಯಲ್ಲ. ಐರೋಪ್ಯರ ಪದವೇ ಪ್ರಾಮಾಣಿಕವೆಂದು ಈ ಲೇಖಕನ ಮತ.

ಧಾರವಾಡ ಪ್ರಾಂತದಲ್ಲಿ ದಂತಶಿಕ್ಷಣ ಬೇರೂರಿದ್ದು ಸತ್ತೂರಿನ ಎಸ್.ಡಿ.ಎಂ. ಮಹಾವಿದ್ಯಾಲಯ 1986ರಲ್ಲಿ ಆರಂಭವಾದ ಮೇಲೆ. ನವಲಗುಂದ ತಾಲ್ಲೂಕಿನ ಯಮನೂರಿನಿಂದ ನೋಡಿದರೆ ಈ ವಾದಕ್ಕೆ ಬೇರೊಂದು ಮುಖವಿದೆ. ಚಾಂಗದೇವನ ಜಾತ್ರೆಗೆ ಬಂದು ಬೆಣ್ಣೆಹಳ್ಳದಲ್ಲಿ ಮಿಂದರೆ ಚರ್ಮರೋಗ ಕಳೆಯುವುದೆಂದು ನಂಬಿ ಜನರು ದೂರದೂರದಿಂದ ಈ ಊರಿಗೆ ಬರುವರು. ಹಲ್ಲು ಮುರಿದ ಇಲ್ಲಿಯ ಬಾಲಕನಾದರೋ ಇಂಥ ಚಿಕಿತ್ಸೆಗಾಗಿ ಹುಬ್ಬಳ್ಳಿ-ಧಾರವಾಡದ ದಾರಿ ಹಿಡಿಯಬೇಕು. ಬೇರನ್ನು ಶುದ್ಧಿಗೊಳಿಸಿ ಔಷಧವಿಡಲು ಒಂದು ಸಲ, ರಕ್ತ ಬರಿಸಿ ಮುಚ್ಚಲು ಮತ್ತೊಂದು ಸಲ, ಬಳಿಕ 6, 12, 24 ತಿಂಗಳಿಗೆ ಪರೀಕ್ಷೆ. ಸುಗ್ಗಿಯ ನಡುವೆ ಕೂಲಿ ಬಿಟ್ಟು ತಂದೆ ಎಷ್ಟು ಸಲ ಹೋದಾನು? ಒಂದೆರಡು ಭೇಟಿಯಲ್ಲೇ ಖನಿಜ ಸಿಮೆಂಟಿನಿಂದ ತುದಿ ಮುಚ್ಚುವ ವೈದ್ಯನನ್ನು ಹಿಂದುಳಿದವನೆಂದು ಹಳಿಯುವುದು ಆದ್ದರಿಂದ ಅನ್ಯಾಯ. ಹಾಗೆಂದು ಬೇರಿನ ಗೋಡೆ ತೆಳುವಾಗಿಯೇ ಉಳಿಯುವುದೆಂಬ ಸಂಗತಿಯನ್ನು ಆತ ತಂದೆಗೆ ತಿಳಿಸದಿರುವುದೂ ಸಲ್ಲದು.

ಹೊಸ ಕ್ರಮದಲ್ಲಿಯೂ ತೊಡಕುಗಳುಂಟು. ಮೊದಮೊದಲು ಬಳಸಿದ ಔಷಧಮಿಶ್ರಣದಲ್ಲಿನ ಮಿನೋಸೈಕ್ಲಿನ್ ಮುಂಬಲ್ಲನ್ನು ಕಪ್ಪಾಗಿಸುತ್ತಿತ್ತು. ಅಮೆರಿಕದ ಸಂಘವು ಗುರಿಗಳನ್ನು ಮೂರು ಹಂತವಾಗಿ ವಿಂಗಡಿಸಿದೆ: ನೋವು ಅಡಗಿ ಮೂಳೆ ಮಾಯುವುದು ಮೊದಲನೆಯದು, ಬೇರು ದಪ್ಪವಾಗಿ ನೀಳವಾಗುವುದು ಎರಡನೆಯದು, ಅಪೇಕ್ಷಣೀಯವಾದರೂ ಅನಿವಾರ್ಯವಲ್ಲದ್ದು, ಹಲ್ಲು ಮತ್ತೆ ಸ್ಪಂದಿಸುವುದು ಮೂರನೆಯದು. ವೈದ್ಯರ ನಡುವಿನ ವಿವಾದವೆಲ್ಲ ಎರಡನೆಯ ಹಂತದ ಸುತ್ತಲೇ ಇದೆ.